ಬೈಬಲ್ ಪದಗಳ ಅರ್ಥಕ್ಕೆ ಸ್ಟ್ರಾಂಗ್ಸಾ, ವೈನಾ, ಕನ್ನಡ ನಿಘಂಟಾ? ಬಳಸಿ ನೋಡಿ ಬರೆದ ಹೋಲಿಕೆ

ಬೈಬಲ್‌ನ ಒಂದು ಪದ ಸರಿಯಾಗಿ ಅರ್ಥ ಆಗ್ಲಿಲ್ಲ, ಯಾವ ನಿಘಂಟು ನೋಡ್ಲಿ ಅಂತ ಕೇಳಿದ್ರೆ ಹೆಚ್ಚಿನವರು ಸ್ಟ್ರಾಂಗ್ಸ್ ಅಂತಾರೆ, ಸ್ವಲ್ಪ ಹಳಬರು ವೈನ್ ಅಂತಾರೆ, ಸೆಮಿನರಿಯಲ್ಲಿ ಓದಿದವರು ಬಿಡಿಎಜಿ ಅನ್ನೋ ದೊಡ್ಡ ಗ್ರೀಕ್ ನಿಘಂಟಿನ ಹೆಸರು ಹೇಳ್ತಾರೆ, ಅದರ ರೇಟ್ ಕೇಳಿ ನಾವು ಸುಮ್ಮನಾಗ್ತೀವಿ. ಇನ್ನು ಕೆಲವರು ಕನ್ನಡ ಬೈಬಲ್ ಓದ್ತಿರೋದು ತಾನೇ, ಕನ್ನಡ ನಿಘಂಟು ಸಾಲದಾ ಅಂತಾರೆ. ನಾನು ಇವನ್ನೆಲ್ಲಾ ಪಕ್ಕಪಕ್ಕ ಇಟ್ಕೊಂಡು ಅದೇ ಪದಗಳನ್ನ ಒಂದೊಂದರಲ್ಲೂ ಹುಡುಕಿ ನೋಡಿದೀನಿ, ಕೃಪೆ, ಸಭೆ, ಪ್ರೀತಿ, ಸಹಕಾರಿ, ತಲಾಂತು ಈ ಥರ. ಹಳೆ ಒಡಂಬಡಿಕೆಯ ಮೂಲ ಬಹುಪಾಲು ಹೀಬ್ರೂ, ಹೊಸ ಒಡಂಬಡಿಕೆಯದ್ದು ಗ್ರೀಕ್, ನಾನೇನು ಆ ಎರಡರಲ್ಲೂ ಪಂಡಿತ ಅಲ್ಲ, ಅಕ್ಷರ ಕೂಡಿಸಿ ಓದೋಷ್ಟು ಬರತ್ತೆ ಅಷ್ಟೇ, ಹಾಗಾಗಿ ಇದು ನಮ್ಮಂಥ ಸಾಮಾನ್ಯ ಓದುಗರ ಲೆಕ್ಕ. ತೀರ್ಪು ಮೊದಲೇ ಹೇಳ್ಬಿಡ್ತೀನಿ, ಬೇಕಾದವರು ಮುಂದೆ ಓದಿ: ಪದಕ್ಕೆ ಅರ್ಥ ಹೇಳೋ ಪುಸ್ತಕಕ್ಕಿಂತ ಆ ಪದ ಎಲ್ಲೆಲ್ಲಿ ಬಂದಿದೆ ಅಂತ ತೋರಿಸೋ ಪುಸ್ತಕವೇ ಜಾಸ್ತಿ ಕೆಲಸಕ್ಕೆ ಬರತ್ತೆ.

ಕನ್ನಡ ನಿಘಂಟಿನಿಂದ ಶುರು ಮಾಡೋಣ. ಹಳೇ ಸತ್ಯವೇದದ ಕನ್ನಡ ಈಗಿನವರಿಗೆ ಅಲ್ಲಲ್ಲಿ ಕಷ್ಟ, ಯಾಜಕ, ಪ್ರಲಾಪ, ಒಡಂಬಡಿಕೆ, ಮರಣಶಾಸನ ಇವೆಲ್ಲಾ ದಿನಾ ಆಡೋ ಮಾತಲ್ಲ, ಇಂಥದಕ್ಕೆ ಕನ್ನಡ ನಿಘಂಟು ಬೇಕೇ ಬೇಕು, ನಾಚಿಕೆ ಪಡೋ ವಿಷಯ ಏನಿಲ್ಲ. ಕಿಟ್ಟೆಲ್ ನಿಘಂಟು ನನಗೆ ಇದರಲ್ಲಿ ಇಷ್ಟ, 1894ರದ್ದು, ಬಾಸೆಲ್ ಮಿಷನ್ನಿನವರೇ ಮಂಗಳೂರಲ್ಲಿ ಅಚ್ಚು ಹಾಕಿದ್ದು, ಬೈಬಲ್ ಕನ್ನಡಕ್ಕೆ ತಿರುಗಿದ ಶತಮಾನದ ಕನ್ನಡವೇ ಅದರಲ್ಲಿ ಸಿಗತ್ತೆ. ಆದ್ರೆ ಕನ್ನಡ ನಿಘಂಟಿಗೆ ಒಂದು ಮಿತಿ ಇದೆ, ಅದು ಹೇಳೋದು ಕನ್ನಡದವರು ಆ ಪದವನ್ನ ಹೇಗೆ ಬಳಸ್ತಾರೆ ಅಂತ, ಪೌಲನೋ ಯೆಶಾಯನೋ ಏನನ್ನ ಮನಸ್ಸಲ್ಲಿಟ್ಟು ಬರೆದ್ರು ಅಂತ ಅಲ್ಲ. ನೀತಿ ಅಂತ ನೋಡಿದ್ರೆ ನೀತಿಕಥೆ, ರಾಜನೀತಿ ಕಡೆಗೆಲ್ಲಾ ಎಳ್ಕೊಂಡು ಹೋಗತ್ತೆ, ರೋಮಾಪುರದವರಿಗೆ ಬರೆದ ಪತ್ರದ ನೀತಿ ಅಲ್ಲಿಲ್ಲ. ಪಾಪ ಅಂತ ನೋಡಿದ್ರೆ ಅಯ್ಯೋ ಪಾಪ ಅನ್ನೋ ಪಾಪವೂ ಬಂದು ಕೂತಿರತ್ತೆ. ಕೃಪೆ ಅಂದ್ರೆ ದಯೆ, ಕರುಣೆ, ಅನುಗ್ರಹ ಅಂತ ಕೊಡತ್ತೆ, ತಪ್ಪೇನಿಲ್ಲ, ಆದ್ರೆ ಕೀರ್ತನೆ 136ರಲ್ಲಿ 26 ವಚನದಲ್ಲೂ ಮತ್ತೆ ಮತ್ತೆ ಬರೋ ಕೃಪೆ ಹೀಬ್ರೂವಿನ ಹೆಸೆದ್, ಎಫೆಸ 2:8ರಲ್ಲಿ ಬರೋ ಕೃಪೆ ಗ್ರೀಕಿನ ಖಾರಿಸ್, ಎರಡೂ ಬೇರೆ ಬೇರೆ ಪದ, ಹಿಂದಿರೋ ಸಂಬಂಧದ ಕಲ್ಪನೆಯೂ ಒಂದೇ ಅಲ್ಲ. ಕನ್ನಡದಲ್ಲಿ ಎರಡಕ್ಕೂ ಒಂದೇ ಪದ ಇರೋದ್ರಿಂದ ಕನ್ನಡ ನಿಘಂಟು ಎಷ್ಟೇ ದಪ್ಪ ಇದ್ರೂ ಈ ವ್ಯತ್ಯಾಸ ಹೇಳೋಕೆ ಅದಕ್ಕೆ ಆಗಲ್ಲ.

ಈಗ ಸ್ಟ್ರಾಂಗ್ಸ್. ಜೇಮ್ಸ್ ಸ್ಟ್ರಾಂಗ್ 1890ರಲ್ಲಿ ಹೊರತಂದದ್ದು ನಿಜಕ್ಕೂ ನಿಘಂಟಲ್ಲ, ಕಾನ್ಕಾರ್ಡೆನ್ಸ್, ಅಂದ್ರೆ ಕಿಂಗ್ ಜೇಮ್ಸ್ ಅನ್ನೋ 1611ರ ಇಂಗ್ಲಿಷ್ ಬೈಬಲ್‌ನ ಒಂದೊಂದು ಇಂಗ್ಲಿಷ್ ಪದವೂ ಎಲ್ಲೆಲ್ಲಿ ಬರತ್ತೆ ಅನ್ನೋ ಪಟ್ಟಿ, ಪ್ರತಿಯೊಂದಕ್ಕೂ ಹಿಂದಿನ ಹೀಬ್ರೂ ಅಥವಾ ಗ್ರೀಕ್ ಪದದ ನಂಬರ್. ಹೀಬ್ರೂಗೆ 8674ರ ತನಕ, ಗ್ರೀಕ್‌ಗೆ 5624ರ ತನಕ ನಂಬರ್ ಇದೆ (ಗ್ರೀಕ್‌ನಲ್ಲಿ 2717 ಇಲ್ಲ, 3203ರಿಂದ 3302ರ ತನಕವೂ ಇಲ್ಲ, ಹುಡುಕಿ ತಲೆ ಕೆಡಿಸ್ಕೋಬೇಡಿ, ಆಗಿನಿಂದಲೂ ಖಾಲಿಯೇ). ಈ ನಂಬರ್ ಅನ್ನೋದೇ ದೊಡ್ಡ ಉಪಕಾರ, ಅಕ್ಷರ ಬರದವರೂ ಮೂಲ ಪದದ ಹತ್ರ ಹೋಗಬಹುದು, ಇವತ್ತಿಗೂ ಹೆಚ್ಚಿನ ಇಂಗ್ಲಿಷ್ ಬೈಬಲ್ ಆ್ಯಪ್‌ಗಳು ಓಡ್ತಿರೋದು ಅದರ ಮೇಲೇ. ನಿಘಂಟು ಭಾಗ ಅಂತ ಕೊನೇಲಿ ಇರೋದು ಬರೀ ಚುಟುಕು ಟಿಪ್ಪಣಿ. ಸಮಸ್ಯೆ ಎಲ್ಲಾ ಶುರುವಾಗೋದು ಆ ಟಿಪ್ಪಣಿಯನ್ನ ಪೂರ್ತಿ ನಿಘಂಟು ಅಂದ್ಕೊಂಡಾಗ.

ಹೆಸೆದ್ ತಗೊಳ್ಳಿ, ನಂಬರ್ 2617. ಟಿಪ್ಪಣಿ ಮೊದಲು ದಯೆ ಅಂತ ಅರ್ಥ ಕೊಡತ್ತೆ, ದೇವರ ಕಡೆಗಾದ್ರೆ ಭಕ್ತಿ ಅಂತ, ಅಪರೂಪಕ್ಕೆ ಗದರಿಕೆ ಅಂತಾನೂ. ಆಮೇಲೆ ಒಂದು ಕೋಲನ್, ಒಂದು ಉದ್ದ ಗೆರೆ. ಆ ಗೆರೆ ದಾಟಿದ ಮೇಲೆ ಬರೋದು ಅರ್ಥ ಅಲ್ಲ, ಕಿಂಗ್ ಜೇಮ್ಸ್‌ನವರು ಆ ಪದವನ್ನ ಯಾವ್ಯಾವ ಇಂಗ್ಲಿಷ್ ಪದಕ್ಕೆ ತಿರುಗಿಸಿದ್ರು ಅನ್ನೋ ಪಟ್ಟಿ. ಈ ಗೆರೆ ತುಂಬಾ ಜನಕ್ಕೆ ಕಾಣೋದೇ ಇಲ್ಲ, ಅರ್ಧ ಆ್ಯಪ್‌ಗಳಲ್ಲಿ ಅದನ್ನ ತೋರಿಸೋದೂ ಇಲ್ಲ, ಎಲ್ಲಾ ಸೇರಿಸಿ ಒಂದೇ ಸಾಲು. ಆ ಪಟ್ಟಿಯಲ್ಲಿ ಕನಿಕರ, ಉಪಕಾರ, ಪ್ರೀತಿ ಇವೆಲ್ಲದರ ಜೊತೆ ನಿಂದೆ, ದುಷ್ಟ ಕೆಲಸ ಅನ್ನೋ ಅರ್ಥದ ಪದಗಳೂ ಇವೆ. ಹೋಟೆಲ್ ಮೆನು ನೋಡಿ ಆರ್ಡರ್ ಮಾಡಿದ ಹಾಗೆ ಅದರಿಂದ ತಮಗೆ ಬೇಕಾದ್ದನ್ನ ಆರಿಸ್ಕೊಳ್ಳೋರು ಕೀರ್ತನೆ 136ಕ್ಕೆ ನಿಂದೆ ಅಂತ ಯಾಕೆ ಹಾಕಲ್ಲ ಅಂತ ಒಂದ್ಸಲ ಯೋಚಿಸಿದ್ರೆ ಸಾಕು, ವಿಷಯ ತಿಳಿಯತ್ತೆ. ನಿಂದೆ, ನಾಚಿಕೆ ಅನ್ನೋ ಅರ್ಥ ಬರೋದು ಯಾಜಕಕಾಂಡ 20:17, ಜ್ಞಾನೋಕ್ತಿ 14:34 ಅಲ್ಲಿ. ಬಿಡಿಬಿ ಅನ್ನೋ ಹೀಬ್ರೂ ನಿಘಂಟು ಅದನ್ನ ಬೇರೆ ಪದವಾಗಿಯೇ ಬೇರೆ ನಮೂದಿನಲ್ಲಿ ಕೊಡತ್ತೆ, ಉಚ್ಚಾರ ಒಂದೇ, ಪದ ಎರಡು, ನಮ್ಮಲ್ಲಿ ಅರಸು ಅಂದ್ರೆ ರಾಜನೂ ಹೌದು ಹುಡುಕು ಅಂತಾನೂ ಹೌದಲ್ಲ, ಅದೇ ಥರ. ಸ್ಟ್ರಾಂಗ್ಸ್ ಅವೆರಡನ್ನೂ ಒಂದೇ ನಂಬರ್ ಕೆಳಗೆ ತುರುಕಿದೆ. ಇಲ್ಲಿ ಬಿಡಿಬಿ ಗೆದ್ದಂಗೆ.

ಸ್ಟ್ರಾಂಗ್ಸ್‌ನ ಇನ್ನೊಂದು ಅಭ್ಯಾಸ ಅಂದ್ರೆ ಪದ ಎಲ್ಲಿಂದ ಹುಟ್ತು ಅಂತ ಮೊದಲೇ ಹೇಳೋದು. ಎಕ್ಲೇಸಿಯ, ನಂಬರ್ 1577, ಹೊರಗೆ ಅನ್ನೋದೂ ಕರೆ ಅನ್ನೋದೂ ಸೇರಿ ಆದದ್ದು ಅಂತಿದೆ, ಅಲ್ಲಿಂದ ಹೊರಟು ಸಭೆ ಅಂದ್ರೆ ಲೋಕದಿಂದ ಹೊರಗೆ ಕರೆಯಲ್ಪಟ್ಟವರು ಅಂತ ಪ್ರಸಂಗ ರೆಡಿ ಆಗತ್ತೆ. ಕೇಳೋಕೆ ಚೆನ್ನಾಗಿದೆ, ಆದ್ರೆ ಅಪೊಸ್ತಲರ ಕೃತ್ಯಗಳು 19ನೇ ಅಧ್ಯಾಯ ತೆಗೆದು ನೋಡಿ, ಎಫೆಸದಲ್ಲಿ ಅರ್ತೆಮೀದೇವಿ ಹೆಸರು ಹೇಳಿ ಗಲಾಟೆ ಮಾಡ್ತಾ, ಯಾಕೆ ಸೇರಿದೀವಿ ಅಂತ ಅರ್ಧ ಜನಕ್ಕೆ ಗೊತ್ತೇ ಇಲ್ಲದ ಗುಂಪಿಗೂ ಆ ಪುಸ್ತಕ ಬರೆದ ಲೂಕ ಬಳಸಿರೋದು ಅದೇ ಎಕ್ಲೇಸಿಯ. 39ನೇ ವಚನದಲ್ಲಿ ಊರಿನ ಅಧಿಕೃತ ಸಭೆಗೂ ಅದೇ. ಅಂದ್ರೆ ಆಗಿನ ಗ್ರೀಕ್ ಮಾತಾಡೋರಿಗೆ ಅದು ಜನ ಸೇರಿದ ಸಭೆ ಅಷ್ಟೇ, ಸ್ಟ್ರಾಂಗ್ಸ್ ಕೂಡ ಅದೇ ಸಾಲಲ್ಲಿ ಮುಂದೆ ಜನಸಭೆ ಅಂತ ಹೇಳತ್ತೆ, ಅಲ್ಲಿ ತನಕ ಓದೋರು ಕಮ್ಮಿ. ಇಲ್ಲೊಂದು ಖುಷಿ ವಿಷಯ, ಇಂಗ್ಲಿಷ್‌ನವರಿಗೆ ಚರ್ಚ್ ಅನ್ನೋ ಪದ ಇದನ್ನ ಪೂರ್ತಿ ಮುಚ್ಚಿಹಾಕತ್ತೆ, ನಮಗೆ ಸಭೆ ಅನ್ನೋ ಪದವೇ ಇರೋದ್ರಿಂದ ನಿಘಂಟಿಲ್ದೆ ಅರ್ಧ ದಾರಿ ಬಂದಿರ್ತೀವಿ. ಇದೇ ಜಾತಿಯ ಇನ್ನೊಂದು ಅಂದ್ರೆ ಡ್ಯುನಮಿಸ್, ಬಲ, ರೋಮಾಪುರ 1:16, ಅದರಿಂದಲೇ ಡೈನಮೈಟ್ ಬಂತು, ಹಾಗಾಗಿ ಸುವಾರ್ತೆ ದೇವರ ಡೈನಮೈಟ್ ಅಂತಾರೆ. ಆಲ್ಫ್ರೆಡ್ ನೊಬೆಲ್ ತನ್ನ ಸಿಡಿಮದ್ದಿಗೆ ಆ ಹೆಸರಿಟ್ಟದ್ದು 1867ರಲ್ಲಿ, ಪೌಲನಿಗೆ ಅದು ಹೇಗೆ ಗೊತ್ತಿರತ್ತೆ ಮಾರಾಯ್ರೇ. ಪದ ಹುಟ್ಟಿದ ಮನೆಯೇ ಪದದ ಅರ್ಥ ಅಂತ ಹಿಡ್ಕೊಳ್ಳೋ ಈ ಚಾಳಿಯನ್ನ ಜೇಮ್ಸ್ ಬಾರ್ ಅನ್ನೋ ವಿದ್ವಾಂಸರು 1961ರಲ್ಲೇ ಪುಸ್ತಕ ಬರೆದು ಬಿಡಿಸಿ ಹೇಳಿದ್ರು, ಆದ್ರೂ ನಿಂತಿಲ್ಲ.

ವೈನ್ ವಿಷಯ ಬೇರೆ. ಡಬ್ಲ್ಯು. ಇ. ವೈನ್ ಬರೆದದ್ದು 1940ರಲ್ಲಿ ಬಂತು, ಓದೋಕೆ ಇದರಷ್ಟು ಹಿತವಾದದ್ದು ಇನ್ನೊಂದಿಲ್ಲ, ಚುಟುಕು ಅಲ್ಲ, ಒಂದೊಂದು ಪದಕ್ಕೂ ಪ್ಯಾರಾಗಟ್ಟಲೆ ವಿವರಣೆ, ಹತ್ತಿರದ ಬೇರೆ ಗ್ರೀಕ್ ಪದಗಳನ್ನೂ ಅಲ್ಲೇ ಪಕ್ಕದಲ್ಲಿ ಇಟ್ಟು ಹೇಳ್ತಾರೆ. ಕೊರತೆ ಎರಡು. ಒಂದು, ಜೋಡಣೆ ಇಂಗ್ಲಿಷ್ ಪದದ ಪ್ರಕಾರ, ಹಾಗಾಗಿ ಕನ್ನಡ ಓದೋರು ಮೊದಲು ಇಂಗ್ಲಿಷ್ ಬೈಬಲ್‌ನಲ್ಲಿ ಆ ಪದ ಏನು ಅಂತ ನೋಡ್ಕೊಂಡು ಬರಬೇಕು. ಎರಡು, ಅವರು ಬರೆದದ್ದು ಹೊಸ ಒಡಂಬಡಿಕೆಗೆ ಮಾತ್ರ, ಈಗ ಒಂದೇ ಸಂಪುಟದಲ್ಲಿ ಸಿಗೋ ಹಳೆ ಒಡಂಬಡಿಕೆ ಭಾಗ ಬೇರೆಯವರು ಬರೆದು ಆಮೇಲೆ ಸೇರಿಸಿದ್ದು. ಮೂರನೇದೂ ಒಂದಿದೆ, ವೈನ್ ಬರೀ ಅರ್ಥ ಹೇಳಲ್ಲ, ಉಪದೇಶವನ್ನೂ ಸೇರಿಸ್ತಾರೆ, ಎಲ್ಲಿ ಪದದ ಅರ್ಥ ಮುಗೀತು ಎಲ್ಲಿ ಅವರ ವ್ಯಾಖ್ಯಾನ ಶುರುವಾಯ್ತು ಅಂತ ನಾವೇ ಗೆರೆ ಎಳ್ಕೋಬೇಕು.

ಪ್ರೀತಿ ಅನ್ನೋ ಪದದಲ್ಲಿ ಇದು ಚೆನ್ನಾಗಿ ಕಾಣತ್ತೆ. ಗ್ರೀಕಿನಲ್ಲಿ ಅಗಾಪೆ ಅಂದ್ರೆ ದೈವಿಕ ಪ್ರೀತಿ, ಫಿಲೆಯೋ ಅಂದ್ರೆ ಬರೀ ಸ್ನೇಹದ ಮಮತೆ, ಯೋಹಾನ 21ರಲ್ಲಿ ನನ್ನನ್ನ ಪ್ರೀತಿಸ್ತೀಯಾ ಅಂತ ಯೇಸು ಒಂದು ಪದದಲ್ಲಿ ಕೇಳಿದ್ರೆ ಪೇತ್ರ ಇನ್ನೊಂದರಲ್ಲಿ ಉತ್ತರ ಹೇಳಿದ, ಈ ವಿವರಣೆ ಯಾರು ಕೇಳಿಲ್ಲ ಹೇಳಿ. ವೈನ್ ಎರಡರ ನಡುವೆ ವ್ಯತ್ಯಾಸ ಇದೆ ಅನ್ನೋ ಕಡೆಯವರು. ಆದ್ರೆ ನ್ಯಾಯವಾಗಿ ಹೇಳ್ಬೇಕು, ತಂದೆಗೆ ಮಗನ ಮೇಲಿರೋ ಪ್ರೀತಿಗೆ ಯೋಹಾನ 3:35ರಲ್ಲಿ ಒಂದು ಪದ, 5:20ರಲ್ಲಿ ಇನ್ನೊಂದು ಪದ ಅಂತ ಅವರೇ ತೋರಿಸ್ತಾರೆ, ಪೂರ್ತಿ ಓದಿದವರಿಗೆ ಅದು ಸಿಗತ್ತೆ. ಲೋ ಮತ್ತು ನೈಡಾ ಸೇರಿ 1988ರಲ್ಲಿ ತಂದ ನಿಘಂಟು ಇದೆಯಲ್ಲ, ಅಕಾರಾದಿ ಬಿಟ್ಟು ಅರ್ಥದ ಪ್ರಕಾರ 93 ಗುಂಪು ಮಾಡಿರೋದು, ಅದರಲ್ಲಿ ಈ ಎರಡೂ ಪದ ಒಂದೇ ಗುಂಪಲ್ಲಿ ಕೂತಿವೆ, ಎಲ್ಲಾ ಕಡೆಯೂ ವ್ಯತ್ಯಾಸ ಇದೆ ಅಂತ ಹಟ ಹಿಡಿಯೋಕಾಗಲ್ಲ ಅನ್ನೋ ಮಾತೂ ಇದೆ. ಯಾರು ಸರಿ ಅಂತ ತಿಳ್ಕೊಳ್ಳೋಕೆ ನಿಘಂಟುಗಳನ್ನ ಬಿಟ್ಟು ವಚನಗಳಿಗೇ ಹೋದ್ರೆ, 2 ತಿಮೊಥೆ 4:10ರಲ್ಲಿ ದೇಮನು ಈ ಲೋಕವನ್ನ ಪ್ರೀತಿಸಿ ಪೌಲನನ್ನ ಬಿಟ್ಟು ಹೋದ ಅನ್ನೋ ಕಡೆ ಇರೋದು ಅಗಾಪೆಯ ಕ್ರಿಯಾಪದವೇ. 2 ಸಮುವೇಲ 13ರಲ್ಲಿ ಅಮ್ನೋನ ತಾಮಾರಳ ಮೇಲೆ ಇಟ್ಟ ಆ ಕೆಟ್ಟ ಮೋಹಕ್ಕೂ ಹಳೇ ಗ್ರೀಕ್ ಅನುವಾದ ಅದೇ ಪದ ಹಾಕಿದೆ. ಇದಾದ ಮೇಲೆ ಅಗಾಪೆ ಅಂದ್ರೆ ತಾನೇ ತಾನಾಗಿ ದೈವಿಕ ಪ್ರೀತಿ ಅಂತ ನನಗಂತೂ ಹೇಳೋಕಾಗಲ್ಲ, ದೇವರ ಪ್ರೀತಿ ದೊಡ್ಡದು ಅಂತ ಗೊತ್ತಾಗೋದು ಅದನ್ನ ಹೇಳೋ ವಾಕ್ಯಗಳಿಂದ, ಪದದಿಂದ ಅಲ್ಲ. ಈ ಸುತ್ತಿನಲ್ಲಿ ಲೋ-ನೈಡಾಗೆ ನನ್ನ ಓಟು, ಆದ್ರೆ ರಾತ್ರಿ ಸುಮ್ನೆ ಕೂತು ಓದೋಕೆ ಇವತ್ತಿಗೂ ಕೈಗೆತ್ತಿಕೊಳ್ಳೋದು ವೈನ್‌ನೇ.

ದೊಡ್ಡ ಗ್ರೀಕ್ ನಿಘಂಟುಗಳಲ್ಲಿ ಫ್ರೀಯಾಗಿ ಸಿಗೋದು ಥೇಯರ್, ದುಡ್ಡು ಕೊಡಬೇಕಾದ್ದು ಬಿಡಿಎಜಿ. ಥೇಯರ್ 1880ರ ದಶಕದ್ದು. ಅದರಲ್ಲೇನು ತೊಂದ್ರೆ ಅಂದ್ರೆ, ಈಜಿಪ್ಟಿನ ಆಕ್ಸಿರಿಂಕಸ್‌ನಲ್ಲಿ ಗ್ರೆನ್‌ಫೆಲ್ ಮತ್ತು ಹಂಟ್ ಅನ್ನೋ ವಿದ್ವಾಂಸರು ಅಗೆಯೋಕೆ ಶುರು ಮಾಡಿದ್ದು 1896ರ ಚಳಿಗಾಲದಲ್ಲಿ, ಕಾಗದಪತ್ರ, ರಸೀದಿ, ಮನೆಗೆ ಬರೆದ ಓಲೆ ಎಲ್ಲಾ ರಾಶಿ ರಾಶಿ ಸಿಕ್ತು, ಹೊಸ ಒಡಂಬಡಿಕೆಯ ಗ್ರೀಕ್ ಅಂದ್ರೆ ಆಗಿನ ಜನ ಸಂತೇಲಿ ಮನೇಲಿ ಬಳಸ್ತಿದ್ದ ಗ್ರೀಕೇ ಅಂತ ಡೈಸ್‌ಮನ್ ಅನ್ನೋ ಜರ್ಮನ್ ವಿದ್ವಾಂಸರು ಆ ಕಾಲದಲ್ಲಿ ತೋರಿಸಿಕೊಟ್ರು. ಥೇಯರ್ ಇದೆಲ್ಲಕ್ಕಿಂತ ಮುಂಚಿನದು. ಮತ್ತಾಯ 6:2 ನೋಡಿ, ಜನ ಹೊಗಳಲಿ ಅಂತ ತುತ್ತೂರಿ ಊದಿಸಿ ದಾನ ಮಾಡೋರು ತಮ್ಮ ಪ್ರತಿಫಲ ಹೊಂದಿದ್ದಾಯ್ತು ಅಂತಾನೆ ಯೇಸು. ಅಲ್ಲಿರೋ ಅಪೆಖೋ ಅನ್ನೋ ಪದಕ್ಕೆ ಪೂರ್ತಿ ಪಡೆದಿರೋದು ಅಂತ ಥೇಯರ್ ಸರಿಯಾಗೇ ಹೇಳತ್ತೆ, ಆದ್ರೆ ಆ ಹಳೇ ರಸೀದಿಗಳಲ್ಲಿ ದುಡ್ಡು ಪೂರ್ತಿ ಮುಟ್ಟಿತು ಅಂತ ಬರೀತಿದ್ದ ಪದವೇ ಅದು ಅನ್ನೋ ಸಂಗತಿ ಥೇಯರ್ ಕಾಲದಲ್ಲಿ ಹೊರಬಂದಿರ್ಲಿಲ್ಲ. ಬಿಡಿಎಜಿ ಇದನ್ನ ವ್ಯಾಪಾರದ ಪದ ಅಂತ ಹೇಳತ್ತೆ. ರಸೀದಿ ಹರಿದು ಕೊಟ್ಟಾಯ್ತು, ಇನ್ನು ದೇವರ ಹತ್ರ ಬಾಕಿ ಕೇಳಂಗಿಲ್ಲ, ಇಷ್ಟು ಖಾರವಾದ ಮಾತು ಅದು. ಬಿಡಿಎಜಿಯ ಮೂರನೇ ಆವೃತ್ತಿ 2000ದ್ದು, ಇನ್ನೊಂದು ಒಳ್ಳೇ ಗುಣ ಅಂದ್ರೆ ಒಂದು ಪದಕ್ಕೆ ಬದಲಿ ಪದ ಕೊಟ್ಟು ಸುಮ್ಮನಾಗಲ್ಲ, ಪೂರ್ತಿ ವಾಕ್ಯದಲ್ಲಿ ವಿವರಿಸತ್ತೆ, ಯಾವ ಅರ್ಥ ಯಾವ ವಚನಕ್ಕೆ ಅಂತಾನೂ ಹಂಚಿ ಕೊಡತ್ತೆ. ಆದ್ರೆ ಗ್ರೀಕ್ ಅಕ್ಷರ ಓದೋಕೆ ಬರಲೇಬೇಕು, ಅಚ್ಚು ಸಣ್ಣದು, ಸಂಕ್ಷೇಪ ಚಿಹ್ನೆಗಳ ಕಾಡು. ಲೈಬ್ರರಿಯಲ್ಲಿ ಸಿಕ್ಕಿದ್ರೆ ನೋಡಿ, ಮನೆಗೆ ತರೋ ಅಷ್ಟು ಬೇಕಾಗಲ್ಲ.

ಹೀಬ್ರೂ ಕಡೆ ಬಿಡಿಬಿ 1906ರದ್ದು, ಫ್ರೀ, ಒಳ್ಳೇದೂ ಹೌದು, ಆದ್ರೆ ಪದಗಳನ್ನ ಧಾತುವಿನ ಕೆಳಗೆ ಜೋಡಿಸಿದೆ. ಬಲಿಪೀಠ ಅನ್ನೋ ಮಿಜ್ಬೆಅಖ್ ಬೇಕಾದ್ರೆ ಮ ಅಕ್ಷರದಲ್ಲಿ ಸಿಗಲ್ಲ, ಬಲಿಕೊಡು ಅನ್ನೋ ಧಾತುವಿನ ಹತ್ರ ಹೋಗಬೇಕು. ಸ್ಟ್ರಾಂಗ್ಸ್ ನಂಬರ್ ಹಾಕಿರೋ ಮರುಮುದ್ರಣ ತಗೊಂಡ್ರೆ ಈ ಕಾಟ ತಪ್ಪತ್ತೆ. ಸಿರಿಯಾದಲ್ಲಿ ಹೀಬ್ರೂಗೆ ಹತ್ತಿರದ ಉಗಾರಿತಿಕ್ ಭಾಷೆಯ ಮಣ್ಣಿನ ಫಲಕಗಳು ಸಿಕ್ಕಿದ್ದು 1929ರಲ್ಲಿ, ಅದರ ಬೆಳಕು ಬಿಡಿಬಿಯಲ್ಲಿಲ್ಲ, ಅದು ಬೇಕಂದ್ರೆ ಹಾಲಟ್ ಅಂತ ಕರೆಯೋ ಹೊಸ ನಿಘಂಟು, ಅದರ ಬೆಲೆ ಬಗ್ಗೆ ಮಾತಾಡೋದೇ ಬೇಡ.

ವೆಬ್‌ಸ್ಟರ್ 1828 ಅನ್ನೋ ಹಳೇ ಇಂಗ್ಲಿಷ್ ನಿಘಂಟು ಇಟ್ಕೊಂಡು ಬೈಬಲ್ ಓದೋರೂ ಇದಾರೆ. ಕಿಂಗ್ ಜೇಮ್ಸ್ ಓದೋರಿಗೆ ಉಪಯೋಗ ಇದೆ, 1 ಥೆಸಲೊನೀಕ 4:15ರಲ್ಲಿ ಪ್ರಿವೆಂಟ್ ಅಂದ್ರೆ ತಡೆಯೋದಲ್ಲ, ಮುಂದಾಗಿ ಹೋಗೋದು, ಆ ಹಳೇ ಅರ್ಥ ಅಲ್ಲಿ ಸಿಗತ್ತೆ. ಆದ್ರೆ ಅದು 1611ರ ಇಂಗ್ಲಿಷ್ ಬಿಡಿಸ್ಕೊಳ್ಳೋಕೆ, ಬೈಬಲ್ ಪದ ಬಿಡಿಸ್ಕೊಳ್ಳೋಕೆ ಅಲ್ಲ. ಕನ್ನಡದಲ್ಲಿ ಓದೋರು ಆರಾಮಾಗಿ ಬಿಡಬಹುದು.

ಇಲ್ಲಿ ತನಕ ಹೇಳಿದ್ದೆಲ್ಲಾ ಪದದ ನಿಘಂಟು. ಬೈಬಲ್ ಡಿಕ್ಷನರಿ ಅಂತ ಇನ್ನೊಂದು ಜಾತಿ ಇದೆ, ಹೆಸರು ನೋಡಿ ಎರಡೂ ಒಂದೇ ಅಂದ್ಕೋಬೇಡಿ, ಅದು ನಿಜಕ್ಕೂ ವಿಶ್ವಕೋಶ, ಊರು, ಮನುಷ್ಯ, ಗಿಡ, ನಾಣ್ಯ, ಹಬ್ಬ ಎಲ್ಲದರ ಮೇಲೂ ಲೇಖನ. ಸ್ಮಿತ್ 1863ರದ್ದು, ಈಸ್ಟನ್ 1890ರ ದಶಕದ್ದು, ಇವೆರಡೂ ಫ್ರೀ. ಮತ್ತಾಯ 18ರ ಸಾಲದ ಕಥೆಯಲ್ಲಿ ಒಬ್ಬ ಆಳು ರಾಜನಿಗೆ ಕೊಡಬೇಕಾದ ಹತ್ತು ಸಾವಿರ ತಲಾಂತು ಬರತ್ತಲ್ಲ, ಸ್ಟ್ರಾಂಗ್ಸ್ ನೋಡಿದ್ರೆ ತಕ್ಕಡಿ, ಒಂದು ತೂಕ, ಅದರಿಂದ ಒಂದು ಮೊತ್ತದ ಹಣ ಅಂತಿದೆ, ಅದರಿಂದ ಏನಾಯ್ತು? ಬೈಬಲ್ ಡಿಕ್ಷನರಿ ಒಂದು ತಲಾಂತಿಗೆ 6000 ದಿನಾರಿ ಅಂತ ಹೇಳತ್ತೆ, ಮತ್ತಾಯ 20:2 ಪ್ರಕಾರ ಒಂದು ದಿನಾರಿ ಅಂದ್ರೆ ಕೂಲಿಯವನ ಒಂದು ದಿನದ ಸಂಬಳ. ಲೆಕ್ಕ ಹಾಕಿ, ಹತ್ತು ಸಾವಿರ ತಲಾಂತು ಅಂದ್ರೆ 6 ಕೋಟಿ ದಿನದ ಕೂಲಿ, ವರ್ಷಕ್ಕೆ 300 ದಿನ ದುಡಿದ್ರೂ ಎರಡು ಲಕ್ಷ ವರ್ಷ. ಸ್ವಲ್ಪ ತಾಳಿಕೊಳ್ಳಿ, ಎಲ್ಲಾ ತೀರಿಸ್ತೀನಿ ಅಂತಾನಲ್ಲ ಆ ಆಳು, ಅವನ ಮಾತು ಎಷ್ಟು ಹಾಸ್ಯಾಸ್ಪದ ಅಂತ ಆಗ ಗೊತ್ತಾಗತ್ತೆ. ಅವನು ಹೊರಗೆ ಬಂದು ಜೊತೆ ಆಳಿನ ಕುತ್ತಿಗೆ ಹಿಡಿದದ್ದು 100 ದಿನಾರಿಗೆ, ಮೂರು ನಾಲ್ಕು ತಿಂಗಳ ಕೂಲಿ, ಅದೂ ಸಣ್ಣದಲ್ಲ, ಆದ್ರೆ ಮೊದಲಿನದರ ಆರು ಲಕ್ಷದಲ್ಲಿ ಒಂದು ಪಾಲು. ಕೆಲವು ಅನುವಾದಗಳಲ್ಲಿ ಬೆಳ್ಳಿ ನಾಣ್ಯ ಅಂತ ಮಾತ್ರ ಇರತ್ತೆ, ಅಲ್ಲಂತೂ ಈ ಲೆಕ್ಕ ಕಾಣೋದೇ ಇಲ್ಲ. ವಸ್ತು, ಅಳತೆ, ಜಾಗ ಇಂಥದ್ದಕ್ಕೆ ಬೈಬಲ್ ಡಿಕ್ಷನರಿಗೆ ಸಾಟಿ ಇಲ್ಲ. ಹಳೇವುಗಳಲ್ಲಿ 1947ರಿಂದ ಮೃತ ಸಮುದ್ರದ ಹತ್ರ ಸಿಕ್ಕ ಹಳೇ ಹಸ್ತಪ್ರತಿ ಸುರುಳಿಗಳ ವಿಷಯ ಇರಲ್ಲ ಅಂತ ನೆನಪಿರಲಿ, ಹೊಸದು ಬೇಕಂದ್ರೆ 1992ರಲ್ಲಿ ಆರು ಸಂಪುಟದಲ್ಲಿ ಬಂದ ಆ್ಯಂಕರ್ ಇದೆ.

ಇನ್ನು ನಾನು ಮೊದಲೇ ತೀರ್ಪು ಕೊಟ್ಟ ಕಾನ್ಕಾರ್ಡೆನ್ಸ್. ಆದಿಕಾಂಡ 2:18ರಲ್ಲಿ ಹವ್ವಳ ಬಗ್ಗೆ ಹೇಳೋ ಸಹಕಾರಿ ಅನ್ನೋ ಪದ, ಹೀಬ್ರೂವಿನಲ್ಲಿ ಎಜೆರ್, ನಂಬರ್ 5828. ಯಾವ ನಿಘಂಟು ನೋಡಿದ್ರೂ ಸಹಾಯ, ಸಹಾಯಕ ಅಂತಿರತ್ತೆ, ಎಲ್ಲವೂ ಸರಿ, ಯಾವುದೂ ಉಪಯೋಗ ಇಲ್ಲ, ಸಹಾಯಕಿ ಅಂದ್ರೆ ಕೈಕೆಳಗಿನವಳು ಅಂತ ಓದೋರು ಹಾಗೇ ಓದ್ತಾರೆ. ಅದೇ ನಂಬರಿನ ಕಾನ್ಕಾರ್ಡೆನ್ಸ್ ಪಟ್ಟಿ ತೆಗೀರಿ, ಹಳೆ ಒಡಂಬಡಿಕೆಯಲ್ಲಿ ಒಟ್ಟು 21 ಸಲ ಬರತ್ತೆ, ಎರಡು ಸಲ ಹವ್ವಳ ಬಗ್ಗೆ, ಉಳಿದವುಗಳಲ್ಲಿ ಹೆಚ್ಚಿನವು ದೇವರ ಬಗ್ಗೆ. ಕೀರ್ತನೆ 121ರಲ್ಲಿ ನನ್ನ ಸಹಾಯ ಎಲ್ಲಿಂದ ಬರತ್ತೆ ಅಂತ ಕೇಳಿ ಯೆಹೋವನಿಂದ ಅನ್ನೋ ಕಡೆ ಅದೇ ಪದ, ವಿಮೋಚನಕಾಂಡ 18:4ರಲ್ಲಿ ಮೋಶೆ ಮಗನಿಗೆ ಎಲೀಯೆಜೆರ್ ಅಂತ ಹೆಸರಿಟ್ಟಾಗ ಅದರೊಳಗಿರೋದೂ ಅದೇ ಪದ, ಧರ್ಮೋಪದೇಶಕಾಂಡ 33:7ರಲ್ಲೂ ಅದೇ. ಕೈಕೆಳಗಿನವರು ಅನ್ನೋ ಅರ್ಥ ಆ ಪದದಲ್ಲೇ ಇದ್ದಿದ್ರೆ ದೇವರಿಗೆ ಅದನ್ನ ಹಾಕೋಕಾಗ್ತಿತ್ತಾ? ಹಾಗಂತ ಬಲಶಾಲಿ ರಕ್ಷಕಿ ಅಂತೆಲ್ಲಾ ಹೊಸ ಅರ್ಥ ಹೊಲಿದು ಹಾಕೋರೂ ಇದಾರೆ, ಪಟ್ಟಿ ಅಷ್ಟನ್ನೂ ಹೇಳಲ್ಲ, ಯೆಶಾಯ 30:5ರಲ್ಲಿ ಕೈಲಾಗದ ಈಜಿಪ್ಟಿನ ಸಹಾಯಕ್ಕೂ ಅದೇ ಪದ ಇದೆ.

ಆ್ಯಪ್‌ಗಳಲ್ಲಿ ಕೇಂಬ್ರಿಜ್‌ನ ಟಿಂಡೇಲ್ ಹೌಸ್‌ನವರ ಸ್ಟೆಪ್ ಬೈಬಲ್ ಫ್ರೀ, ಪದದ ಮೇಲೆ ಒತ್ತಿದ್ರೆ ಅರ್ಥವೂ ಎಲ್ಲೆಲ್ಲಿ ಬಂದಿದೆ ಅನ್ನೋದೂ ಒಟ್ಟಿಗೆ ಬರತ್ತೆ, ಈ ಕೆಲಸಕ್ಕೆ ನನಗೆ ಅದೇ ಸರಿ ಅನ್ಸಿದೆ. ಬ್ಲೂ ಲೆಟರ್ ಬೈಬಲ್‌ನಲ್ಲಿ ಸ್ಟ್ರಾಂಗ್ಸ್, ಥೇಯರ್, ವೈನ್ ಒಂದೇ ಪುಟದಲ್ಲಿ ಸಿಗತ್ತೆ, ಹೋಲಿಸಿ ನೋಡೋಕೆ ಸುಲಭ. ನಾನು ಓದೋ ಕನ್ನಡ ಆ್ಯಪ್‌ನಲ್ಲಿ ಪದ ಒತ್ತಿದ್ರೆ ನಂಬರ್ ಬರಲ್ಲ, ಹಾಗಾಗಿ ಮೊದಲು ಕನ್ನಡದಲ್ಲಿ ಅಧ್ಯಾಯ ಪೂರ್ತಿ ಓದ್ತೀನಿ, ಎರಡು ಮೂರು ಕನ್ನಡ ಅನುವಾದಗಳಲ್ಲಿ ಆ ವಚನ ನೋಡ್ತೀನಿ, ಎಲ್ಲದರಲ್ಲೂ ಒಂದೇ ಪದ ಇದ್ರೆ ಸಾಮಾನ್ಯವಾಗಿ ನಿಘಂಟಿನ ತಂಟೆಗೇ ಹೋಗಲ್ಲ. ಬೇರೆ ಬೇರೆ ಇದ್ರೆ ಆಗ ಇಂಗ್ಲಿಷ್‌ಗೆ ಹೋಗಿ ನಂಬರ್ ತಗೊಂಡು, ಆ ನಂಬರಿನ ವಚನಗಳನ್ನ, ಮೊದಲು ಅದೇ ಪುಸ್ತಕದವು, ಆಮೇಲೆ ಉಳಿದವು, ಮತ್ತೆ ಕನ್ನಡದಲ್ಲೇ ಓದ್ತೀನಿ. ಅರ್ಥದ ಟಿಪ್ಪಣಿ ನೋಡೋದು ಅದಾದ ಮೇಲೆ, ಅಷ್ಟೊತ್ತಿಗೆ ಟಿಪ್ಪಣಿಯಲ್ಲಿ ಯಾವುದು ಈ ವಚನಕ್ಕೆ ಕೂರತ್ತೆ ಯಾವುದು ಕೂರಲ್ಲ ಅಂತ ಕಣ್ಣಿಗೇ ಕಾಣತ್ತೆ. ದುಡ್ಡು ಹಾಕಿ ಒಂದೇ ಒಂದು ಪುಸ್ತಕ ತಗೋತೀನಿ ಅನ್ನೋರಿಗೆ ನಾನು ಹೇಳೋದು ಪದದ ನಿಘಂಟಲ್ಲ, ಹೊಸ ಬೈಬಲ್ ಡಿಕ್ಷನರಿ ಒಂದೇ ಸಂಪುಟದ್ದು ತಗೊಳ್ಳಿ, ಯಾಕಂದ್ರೆ ಉಳಿದದ್ದು ಫೋನಲ್ಲಿ ಫ್ರೀಯಾಗಿ ಸಿಕ್ಕೇ ಸಿಗತ್ತೆ.